ಹಳೆಯ ಕ್ಷೌರದ ಕತ್ತಿಗೆ ಮತ್ತೆ ಬಾಯಿ ಬರಿಸುವುದು: ಮೊದಲ ಸಲ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಅಟ್ಟದ ಟ್ರಂಕಿನಲ್ಲಿ ಸಿಕ್ಕ ಅಜ್ಜನ ಕ್ಷೌರದ ಕತ್ತಿಯನ್ನೋ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ ಜರ್ಮನ್ ಕತ್ತಿಯನ್ನೋ ಸರಿಮಾಡಲು ಹೊರಟವರು ಬಹುಮಟ್ಟಿಗೆ ಒಂದೇ ದೂರು ಹೊತ್ತು ಬರುತ್ತಾರೆ. ಕತ್ತಿ ಕನ್ನಡಿಯಂತೆ ಹೊಳೆಯುತ್ತಿದೆ, ದುಬಾರಿ ಕಲ್ಲಿನ ಮೇಲೆ ಗಂಟೆಗಟ್ಟಲೆ ಮಸೆದದ್ದಾಗಿದೆ, ಆದರೂ ಅದು ಗಡ್ಡವನ್ನು ಬೋಳಿಸುವುದಿಲ್ಲ, ಕೀಳುತ್ತದೆ.

ಇದು ಸೋಲೆಂದು ಗೊತ್ತಾಗುವುದು ಕೊನೆಯ ದಿನ, ಕನ್ನಡಿಯ ಮುಂದೆ. ತಪ್ಪು ನಡೆದಿರುವುದು ಅದಕ್ಕಿಂತ ಬಹಳ ಮೊದಲು. ಒಂದೋ ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಇಲ್ಲವೇ ಮೊದಲ ಕಲ್ಲನ್ನು ಬೇಗ ಬಿಟ್ಟಿರುತ್ತಾರೆ. ಅನೇಕರಲ್ಲಿ ಎರಡೂ. ಆದ್ದರಿಂದ ಇಲ್ಲಿ ಹೇಳಿರುವ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಏಳನೆಯ ಹಂತದಲ್ಲಿ ಮಾತ್ರ ಎಷ್ಟು ಹೊತ್ತಾದರೂ ನಿಲ್ಲಿ.

ಮುಂದೆ ಪದೇ ಪದೇ ಬರುವ ಕೆಲವು ಮಾತುಗಳು. ಕತ್ತರಿಸುವ ಅಂಚು ಕತ್ತಿಯ ‘ಬಾಯಿ’, ಎದುರಿನ ದಪ್ಪ ಭಾಗ ‘ಬೆನ್ನು’. ಹಿಡಿಯ ಕಡೆಗಿರುವ ಮೂಲೆ ‘ಹಿಮ್ಮಡಿ’, ಇನ್ನೊಂದು ಕೊನೆ ‘ತುದಿ’. ಹಿಡಿಯಾಚೆ ಚಾಚಿಕೊಂಡಿರುವ, ಬೆರಳಿಟ್ಟು ತೆರೆಯುವ ಭಾಗ ‘ಬಾಲ’. ಬಾಯಿಯ ಎರಡೂ ಬದಿಯಲ್ಲಿ ಕಲ್ಲು ತಾಗಿ ತಾಗಿ ಉಂಟಾಗುವ, ಅರ್ಧ ಮಿಲಿಮೀಟರಿನ ಆಸುಪಾಸಿನ ಕಿರಿದಾದ ಪಟ್ಟಿಯನ್ನು ‘ಓರೆ’ ಎಂದು ಕರೆಯುತ್ತೇನೆ. ಎರಡು ಓರೆಗಳು ಒಂದು ಗೆರೆಯಲ್ಲಿ ಕೂಡಿದರೆ ಬಾಯಿ ಹುಟ್ಟುತ್ತದೆ. ಕೂಡದಿದ್ದರೆ ಮೇಲೆ ಎಷ್ಟು ನಯ ಮಾಡಿದರೂ ಇಲ್ಲ.

## 1. ಈ ಕತ್ತಿ ಕೆಲಸಕ್ಕೆ ಬರುತ್ತದೆಯೇ?

ಏನನ್ನೂ ಉಜ್ಜುವ ಮೊದಲು ಹಗಲು ಬೆಳಕಿನಲ್ಲಿ ಹದಿನೈದು ನಿಮಿಷ ಕತ್ತಿಯನ್ನು ನೋಡಿ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಒಳ್ಳೆಯದು. ಮುಂದಕ್ಕೂ ಅದು ಬೇಕಾಗುತ್ತದೆ.

ಮೊದಲು ಬಿರುಕು. ಬಾಯಿಯಿಂದ ಬೆನ್ನಿನ ಕಡೆಗೆ ಹೋಗುವ ಕೂದಲೆಳೆಯಂಥ ಗೆರೆ ಕಂಡರೆ ಅನುಮಾನಪಡಿ. ತೆಳುವಾಗಿ ಎಣ್ಣೆ ಸವರಿ ಒರೆಸಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಗೀರಾದರೆ ಒಣಗಿಯೇ ಇರುತ್ತದೆ, ಬಿರುಕಾದರೆ ಎಣ್ಣೆ ಸಣ್ಣಗೆ ಜಿನುಗಿರುತ್ತದೆ. ಬಿರುಕು ಬಿಟ್ಟ ಕತ್ತಿಗೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಇಲ್ಲ. ಅದು ಮುಖದ ಮೇಲೆ ಮುರಿಯಬಹುದು. ಅಜ್ಜನದೇ ಆಗಿದ್ದರೂ ಕಪಾಟಿನಲ್ಲಿಡಿ.

ಆಮೇಲೆ ಕುಳಿ. ಅಲಗಿನ ನಡುವೆ ತುಕ್ಕು ತಿಂದ ಕಪ್ಪು ಕುಳಿಗಳಿದ್ದರೆ ಕುರೂಪ, ಅಷ್ಟೇ. ಅದೇ ಕುಳಿ ಬಾಯಿಯ ಒಂದು ಮಿಲಿಮೀಟರ್ ಒಳಗಿದ್ದರೆ, ಮಸೆದಂತೆಲ್ಲ ಬಾಯಿ ಸವೆಯುತ್ತಾ ಕುಳಿಯನ್ನು ತಲುಪಿ ಅಲ್ಲಿ ಹಲ್ಲು ಬೀಳುತ್ತದೆ. ಮೊದಲ ಸಲಕ್ಕೆ ಅಂಥದ್ದು ಬೇಡ.

ಬೆನ್ನನ್ನೂ ನೋಡಿ. ಮಸೆಯುವಾಗ ಬೆನ್ನೂ ಕಲ್ಲಿಗೆ ತಾಗುವುದರಿಂದ ಅಲ್ಲಿ ಎರಡೂ ಕಡೆ ಚಪ್ಪಟೆ ಪಟ್ಟಿ ಮೂಡಿರುತ್ತದೆ. ಒಂದು ಮಿಲಿಮೀಟರಿನಷ್ಟಿದ್ದರೆ ಸಹಜ. ಮೂರು ಮಿಲಿಮೀಟರ್ ಅಗಲವಿದ್ದು ಒಂದು ಕೊನೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ ಹಿಂದಿನವರು ಒತ್ತಿ ಒತ್ತಿ ಸವೆಸಿದ್ದಾರೆಂದು ಅರ್ಥ. ಬಾಯಿಯನ್ನು ಗಾಜಿನ ಮೇಲೆ ಮೆಲ್ಲನೆ ನಿಲ್ಲಿಸಿದಾಗ ನಡುವೆ ಬೆಳಕು ಕಂಡರೆ, ಅಂದರೆ ಬಾಯಿ ಒಳಕ್ಕೆ ಬಾಗಿದ್ದರೆ, ಅದನ್ನೂ ಬಿಡಿ. ಹೊರಕ್ಕೆ ಸ್ವಲ್ಪ ಉಬ್ಬಿದ್ದರೆ ತೊಂದರೆಯಿಲ್ಲ.

ಹಿಡಿಯ ವಿಷಯದಲ್ಲಿ ಎರಡು ಎಚ್ಚರಿಕೆ. ಹಳೆಯ ಕಾಲದ ಪ್ಲಾಸ್ಟಿಕ್ಕಾದ ಸೆಲ್ಯುಲಾಯ್ಡ್‌ನ ಹಿಡಿಯನ್ನು ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಅದನ್ನು ತಯಾರಿಸುವುದೇ ಕರ್ಪೂರ ಸೇರಿಸಿ. ಅದು ಹಳತಾಗಿ ಕೊಳೆಯಲು ಶುರುವಾದರೆ ಆಮ್ಲದ ಹಬೆ ಬಿಡುತ್ತದೆ. ಅಲಗಿನಲ್ಲಿ ಹಿಡಿಯೊಳಗೆ ಮಡಚಿಕೊಳ್ಳುವ ಭಾಗಕ್ಕೆ ಮಾತ್ರ ವಿಪರೀತ ತುಕ್ಕು ಹಿಡಿದಿದ್ದರೆ ಇದೇ ಕಾರಣ. ಹಿಡಿ ಬದಲಾಗದೆ ಆ ತುಕ್ಕು ನಿಲ್ಲುವುದಿಲ್ಲ. ಅಂಥ ಹಿಡಿಯನ್ನು ಬೇರೆ ಕತ್ತಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ, ಬೆಂಕಿಯ ಹತ್ತಿರಕ್ಕಂತೂ ಒಯ್ಯಲೇಬೇಡಿ, ಭಗ್ಗನೆ ಹತ್ತಿಕೊಳ್ಳುತ್ತದೆ. ಇನ್ನೊಂದು, ಆನೆದಂತದ ಹಿಡಿ. ಭಾರತದಲ್ಲಿ ದಂತದ ಕೊಡುಕೊಳ್ಳುವಿಕೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳು ಹಳೆಯದೆಂದು ವಿನಾಯಿತಿ ಕೊಡುತ್ತವೆಂದು ಭಾವಿಸಿ ಕೊಳ್ಳಲು ಹೋಗಬೇಡಿ.

ಮೊದಲ ಕತ್ತಿಗೆ ನನ್ನ ಶಿಫಾರಸು: ಜರ್ಮನಿಯ ಸೋಲಿಂಗೆನ್‌ನಲ್ಲಿ ತಯಾರಾದ, ಅಲಗಿನ ಬದಿಗಳು ಒಳಕ್ಕೆ ತಗ್ಗಾಗಿರುವ, 5/8 ಅಂಗುಲ, ಅಂದರೆ ಸುಮಾರು 16 ಮಿಲಿಮೀಟರ್ ಅಗಲದ ಕತ್ತಿ. ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಕತ್ತಿಗಳು ಬೆಣೆಯಂತೆ ದಪ್ಪ. ನೋಡಲು ಗಂಭೀರ, ಆದರೆ ಕಲ್ಲಿಗೆ ತಾಗುವ ಉಕ್ಕು ಹೆಚ್ಚಾದ್ದರಿಂದ ಮಸೆಯುವವನ ತಾಳ್ಮೆಯನ್ನು ಮೊದಲು ಸವೆಸುತ್ತವೆ.

## 2. ಸಾಮಾನು ಕೂಡಿಸುವುದು

ಹೊಲಿಗೆ ಯಂತ್ರದ ಎಣ್ಣೆ, ಸ್ವಲ್ಪ ಸೀಮೆಎಣ್ಣೆ ಅಥವಾ ತುಕ್ಕು ಸಡಿಲಿಸುವ ಸ್ಪ್ರೇ, ಅತಿ ನಯವಾದ 0000 ನಂಬರಿನ ಸ್ಟೀಲ್ ವೂಲ್, 400ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್ (ಹಾರ್ಡ್‌ವೇರ್ ಅಂಗಡಿಯಲ್ಲಿ ಹೀಗೆಯೇ ಕೇಳಿ), ಬ್ರಾಸೋದಂಥ ಲೋಹದ ಪಾಲಿಶ್, ಇನ್ಸುಲೇಷನ್ ಟೇಪ್, ಮಾರ್ಕರ್ ಪೆನ್, ದಪ್ಪ ಗಾಜಿನ ತುಂಡು. ಇಷ್ಟು ಸುಲಭವಾಗಿ ಸಿಗುತ್ತದೆ.

ಖರ್ಚಾಗುವುದು ಕಲ್ಲುಗಳಿಗೆ. 1000, 4000, 8000, 12000 ನಂಬರಿನ ನೀರುಕಲ್ಲುಗಳು, ಅಂದರೆ ನೀರು ಹಾಕಿ ಮಸೆಯುವ ಕಲ್ಲುಗಳು ಬೇಕು. ನಂಬರ್ ಹೆಚ್ಚಿದಷ್ಟೂ ಕಲ್ಲು ನಯ. 3000 ಅಥವಾ 5000 ಇದ್ದರೆ 4000ದ ಜಾಗಕ್ಕೆ ನಡೆಯುತ್ತದೆ. ದುಡ್ಡು ಕಡಿಮೆಯಿದ್ದರೆ 12, 5, 3, 1 ಮೈಕ್ರಾನಿನ ಲ್ಯಾಪಿಂಗ್ ಫಿಲ್ಮ್ ಹಾಳೆಗಳನ್ನು (ಉಜ್ಜುವ ನಯ ಪುಡಿ ಲೇಪಿಸಿದ ಪ್ಲಾಸ್ಟಿಕ್ ಹಾಳೆಗಳು) ಒದ್ದೆ ಗಾಜಿಗೆ ಅಂಟಿಸಿ ಕೆಲಸ ಮುಗಿಸಬಹುದು. ಒಂದೇ ಕತ್ತಿ ಸರಿಮಾಡುವವರಿಗೆ ನಾನು ಅದನ್ನೇ ಹೇಳುವುದು. ಕೊನೆಗೆ, ಮೂರು ಅಂಗುಲ ಅಗಲದ ಚರ್ಮದ ಪಟ್ಟಿ, ಅದರ ಇನ್ನೊಂದು ಬದಿಗೆ ಕ್ಯಾನ್ವಾಸ್ ಬಟ್ಟೆ ಇರುವಂಥದ್ದು.

ಯಾವುದು ಬೇಡ ಎಂಬುದು ಇನ್ನೂ ಮುಖ್ಯ. ಅಡುಗೆಮನೆಯ ಚಾಕು ಮಸೆಯುವ ಬೂದು ಬಣ್ಣದ ಕಾರ್ಬೋರಂಡಮ್ ಕಲ್ಲು ಬೇಡ, ಅದು ಈ ಕೆಲಸಕ್ಕೆ ತೀರಾ ಒರಟು. ಡ್ರಿಲ್ ಯಂತ್ರಕ್ಕೆ ಸಿಕ್ಕಿಸುವ ಬಟ್ಟೆಯ ಪಾಲಿಶ್ ಚಕ್ರ ಬೇಡ. ನಾನು ಸರಿಮಾಡಲು ಹೊರಟ ಮೊದಲ ಕತ್ತಿಯನ್ನು ಆ ಚಕ್ರ ಕೈಯಿಂದ ಕಸಿದು ಗೋಡೆಗೆ ಎಸೆಯಿತು. ತುದಿ ಅರ್ಧ ಅಂಗುಲ ಮುರಿಯಿತು. ಗೋಡೆಯ ಬದಲು ಹೊಟ್ಟೆಯಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಬೀದಿಯಲ್ಲಿ ಸೈಕಲ್ ಚಕ್ರ ತುಳಿದು ಸಾಣೆ ಹಿಡಿಯುವವರಿಗೂ ಕೊಡಬೇಡಿ. ಈಳಿಗೆಮಣೆಗೆ, ಕತ್ತರಿಗೆ ಅವರು ಸರಿ. ಕ್ಷೌರದ ಕತ್ತಿಯ ಬಾಯಿ ಕಾಗದಕ್ಕಿಂತ ತೆಳು. ಒಣ ಚಕ್ರಕ್ಕೆ ತಾಗಿದ ಕ್ಷಣದಲ್ಲೇ ಕಾದುಬಿಡುತ್ತದೆ. ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಹುಲ್ಲಿನ ಬಣ್ಣಕ್ಕೂ 300 ಡಿಗ್ರಿಯ ಹತ್ತಿರ ನೀಲಿಗೂ ತಿರುಗುತ್ತದೆ. ಬಾಯಿಯಲ್ಲಿ ನೀಲಿ ಕಂಡರೆ ಹದ ಹೋಯಿತು, ಅಲ್ಲಿ ಇನ್ನೆಂದೂ ಹರಿತ ನಿಲ್ಲುವುದಿಲ್ಲ.

## 3. ಕೊಳೆ ತೆಗೆಯುವುದು

ತುಕ್ಕು ಹಿಡಿದ ಕತ್ತಿ ಮೊಂಡು ಎಂದು ತಿಳಿಯಬೇಡಿ. ಗಡ್ಡಕ್ಕೆ ಬಾರದ ಕತ್ತಿ ಬೆರಳಿಗೆ ಚೆನ್ನಾಗಿಯೇ ಬರುತ್ತದೆ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಮೀರಿದ್ದರೆ ಮೊದಲು ಅದನ್ನು ಮುಗಿಸಿ.

ಪಾತ್ರೆ ತೊಳೆಯುವ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಹಿಡಿಯ ಒಳಸಂದಿಗೆ ಬಟ್ಟೆಯ ಪಟ್ಟಿಯನ್ನು ತೂರಿಸಿ ಆಚೀಚೆ ಎಳೆಯಿರಿ. ಒಣ ಸೋಪು, ಕೂದಲು, ಎಣ್ಣೆಯ ಜಿಡ್ಡು ಎಲ್ಲ ಅಲ್ಲಿರುತ್ತದೆ. ನೀರಿನಲ್ಲಿ ನೆನೆಹಾಕಬೇಡಿ. ಕೊಂಬಿನ ಹಿಡಿಯಾದರೆ ಉಬ್ಬಿ ಸೊಟ್ಟಗಾಗುತ್ತದೆ.

ಒರೆಸಿ ಒಣಗಿಸಿದ ಮೇಲೆ ಅಲಗಿಗೆ ಎಪ್ಪತ್ತು ಶೇಕಡದ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ. ಕೆಲಸವೆಲ್ಲ ಮುಗಿದ ಮೇಲೆ, ಮೊದಲ ಕ್ಷೌರಕ್ಕೆ ಮುನ್ನ, ಇದನ್ನು ಇನ್ನೊಮ್ಮೆ ಮಾಡಬೇಕು. ಸೆಲ್ಯುಲಾಯ್ಡ್ ಹಿಡಿಗೆ ಆಲ್ಕೋಹಾಲ್ ತಾಗದಿರಲಿ. ಬ್ಲೀಚಿಂಗ್ ದ್ರಾವಣ ಬೇಡ, ಅದು ಉಕ್ಕಿನಲ್ಲಿ ಕುಳಿ ತೋಡುತ್ತದೆ. ಕುದಿಯುವ ನೀರಿಗೆ ಉಕ್ಕಿನ ಹದ ಹೋಗುವುದಿಲ್ಲ, ಹಿಡಿ ಮಾತ್ರ ಹಾಳಾಗುತ್ತದೆ.

## 4. ತುಕ್ಕು ಬಿಡಿಸುವುದು

ನಮ್ಮ ಮನೆಗಳಲ್ಲಿ ಹಿತ್ತಾಳೆ ಬೆಳಗುವ ಅಭ್ಯಾಸವಿದೆಯಲ್ಲ, ಅದೇ ಕೈ ಇಲ್ಲಿಗೂ ಬರುತ್ತದೆ. ಹುಣಸೆಹುಳಿ, ನಿಂಬೆಹೋಳು, ಬೂದಿ. ಹಿತ್ತಾಳೆಗೆ ಹುಳಿ ಹಿತ. ಹಳೆಯ ಕ್ಷೌರದ ಕತ್ತಿಯ ಉಕ್ಕಿನಲ್ಲಿ ಸಾಮಾನ್ಯವಾಗಿ ತುಕ್ಕು ತಡೆಯುವಷ್ಟು ಕ್ರೋಮಿಯಂ ಇರುವುದಿಲ್ಲ, ಹುಳಿ ಅದನ್ನು ನೇರವಾಗಿ ತಿನ್ನುತ್ತದೆ. ಬೂದುಬಣ್ಣದ ಮಚ್ಚೆ ಉಳಿಯುತ್ತದೆ, ತೆಳು ಬಾಯಿ ಇನ್ನೂ ತೆಳುವಾಗುತ್ತದೆ. ವಿನೆಗರ್‌ನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು ಬೆಳಗ್ಗೆ ಗರಗಸ ಹಿಡಿದು ಬಂದವರಿದ್ದಾರೆ.

ಸರಿಯಾದ ದಾರಿ ನಿಧಾನದ್ದು. ಅಲಗಿಗೆ ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಮರುದಿನ 0000 ಸ್ಟೀಲ್ ವೂಲನ್ನು ಎಣ್ಣೆಯಲ್ಲಿ ಅದ್ದಿ ಮೆಲ್ಲನೆ ಉಜ್ಜಿ. ಕೆಂಪು ಪುಡಿ ಏಳುತ್ತದೆ. ಕೆಂಪು ತುಕ್ಕು ಜೀವಂತ, ಅದು ಪೂರ್ತಿ ಹೋಗಬೇಕು. ಕಪ್ಪು ಕಲೆ ಸತ್ತ ತುಕ್ಕು, ಅದು ಇದ್ದರೆ ಇರಲಿ. ಬಹಳ ಕತ್ತಿಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ. ಮುಗಿಸುವ ಮನಸ್ಸು ಮಾತ್ರ ಬರುವುದಿಲ್ಲ.

ಇನ್ನೂ ಬೇಕೆಂದರೆ ವಾಟರ್ ಪೇಪರ್. ಅಲಗನ್ನು ಮರದ ಹಲಗೆಯ ಮೇಲೆ ಪೂರ್ತಿ ಆನಿಸಿಡಿ. ತಗ್ಗಾದ ತೆಳು ಭಾಗದ ಕೆಳಗೆ ಟೊಳ್ಳು ಬಿಟ್ಟು ಒತ್ತಿದರೆ ಚಿಟ್ಟನೆ ಸೀಳುತ್ತದೆ. ಕಾಗದವನ್ನು ಬೆರಳಿಗೆ ಸುತ್ತದೆ ಬೂಚಿನ ಅಥವಾ ರಬ್ಬರಿನ ತುಂಡಿಗೆ ಸುತ್ತಿ. ಕೈ ಯಾವಾಗಲೂ ಬೆನ್ನಿನಿಂದ ಬಾಯಿಯ ಕಡೆಗೆ ಹೋಗಿ ಆಚೆ ಜಾರಬೇಕು, ಬಾಯಿಯಿಂದ ಬೆನ್ನಿನ ಕಡೆಗೆ ಎಂದೂ ಅಲ್ಲ. 400ರಿಂದ ಶುರುಮಾಡುವುದು ತೀರಾ ಕೆಟ್ಟಿದ್ದರೆ ಮಾತ್ರ. ಇಲ್ಲವಾದರೆ 600, 1000, 2000 ಎಂದು ಏರಿ, ಕೊನೆಗೆ ಪಾಲಿಶ್. ಒಂದು ನಂಬರಿನ ಗೀರು ಪೂರ್ತಿ ಅಳಿಯದೆ ಮುಂದಿನದಕ್ಕೆ ಹೋದರೆ ಆ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ.

ಕುಳಿಗಳನ್ನೆಲ್ಲ ಅಳಿಸುವ ಹಟಕ್ಕೆ ಬೀಳಬೇಡಿ. ಕುಳಿಯ ಆಳದಷ್ಟು ಉಕ್ಕನ್ನು ಸುತ್ತಲೂ ತೆಗೆಯಬೇಕಾಗುತ್ತದೆ. ಅಲಗಿನ ಮೇಲೆ ಚಿನ್ನದ ನೀರಿನಲ್ಲಿ ಬರೆದ ಅಕ್ಷರವಿದ್ದರೆ ಅತ್ತ ಪಾಲಿಶ್ ಒಯ್ಯಬೇಡಿ. ಎರಡೇ ಉಜ್ಜಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಹೊಳಪಿನ ಕೆಲಸವನ್ನು ಮಸೆಯುವುದಕ್ಕೆ ಮೊದಲೇ ಮುಗಿಸಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಾಯಿ ಬಂದ ಮೇಲೆ ಪಾಲಿಶ್ ಬಟ್ಟೆ ಒಂದೇ ಒಂದು ಸಲ ಅದರ ಮೇಲೆ ಹಾದರೂ ಬಾಯಿ ದುಂಡಗಾಗುತ್ತದೆ, ಕಲ್ಲಿನ ಶ್ರಮವೆಲ್ಲ ವ್ಯರ್ಥ. ‘ಮಸೆದದ್ದಾಯಿತು, ಇನ್ನು ಸ್ವಲ್ಪ ಹೊಳಪು ಕೊಡೋಣ’ ಎಂದವರ ಕತ್ತಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.

## 5. ಹಿಡಿ ಮತ್ತು ರಿವೆಟ್

ಮೊದಲ ಸಲ ಹಿಡಿಯನ್ನು ಬಿಚ್ಚಬೇಡಿ. ಬಿಚ್ಚಲು ರಿವೆಟ್ಟಿನ ತಲೆ ಕೊರೆಯಬೇಕು, ಮತ್ತೆ ಜೋಡಿಸಲು 1.6 ಮಿಲಿಮೀಟರ್ ಹಿತ್ತಾಳೆ ತಂತಿ ತಂದು ತಲೆ ಬಡಿಯಬೇಕು. ಅದು ಬೇರೆಯದೇ ಕಸುಬು.

ಅಲಗು ಹಿಡಿಯಲ್ಲಿ ಲಟಲಟ ಆಡುತ್ತಿದ್ದರೆ ಮಾತ್ರ ಒಂದು ಕೆಲಸವಿದೆ. ರಿವೆಟ್ಟಿನ ಒಂದು ತಲೆಯನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಇನ್ನೊಂದು ತಲೆಯ ಅಂಚಿನ ಸುತ್ತ ಅಕ್ಕಸಾಲಿಗರ ಸಣ್ಣ ಗುಂಡುಮೂತಿಯ ಸುತ್ತಿಗೆಯಿಂದ ಉಗುರಿನಲ್ಲಿ ತಟ್ಟಿದಷ್ಟು ಮೆಲ್ಲಗೆ ಬಡಿಯಿರಿ. ನಾಲ್ಕು ಏಟು, ಪರೀಕ್ಷೆ, ಮತ್ತೆ ನಾಲ್ಕು. ಅಲಗು ತನ್ನ ಭಾರಕ್ಕೇ ಬೀಳದೆ, ಬೆರಳಿನಿಂದ ನೂಕಿದರೆ ಸಲೀಸಾಗಿ ತಿರುಗಿದರೆ ಸಾಕು. ಮುಚ್ಚಿದಾಗ ಬಾಯಿ ಹಿಡಿಯ ಪಕ್ಕಕ್ಕೆ ತಾಗುತ್ತಿದೆಯೇ ನೋಡಿ. ತಾಗುತ್ತಿದ್ದರೆ ಮುಚ್ಚುವಾಗ ಪ್ರತಿ ಸಲ ಬೆರಳಿನಿಂದ ನಡುವಿಗೆ ತರುವುದನ್ನು ರೂಢಿಮಾಡಿಕೊಳ್ಳಿ.

## 6. ಕಲ್ಲನ್ನು ಸಮ ಮಾಡುವುದು, ಬೆನ್ನಿಗೆ ಟೇಪ್

ಹೊಸ ಕಲ್ಲು ಸಮತಟ್ಟಾಗಿರುತ್ತದೆ ಎಂಬುದು ನಂಬಿಕೆ ಮಾತ್ರ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆಯಿರಿ. ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಹಾಕಿ, ಕಲ್ಲನ್ನು ಮಗುಚಿ ಉಜ್ಜಿ. ಎಲ್ಲ ಗೆರೆ ಒಟ್ಟಿಗೇ ಅಳಿಸಿಹೋಗುವವರೆಗೆ ಬಿಡಬೇಡಿ. ನಡುವೆ ಗೆರೆ ಉಳಿದಿದ್ದರೆ ಅಲ್ಲಿ ತಗ್ಗು, ಅದರ ಮೇಲೆ ಕತ್ತಿಯ ಬಾಯಿ ತೇಲುತ್ತದೆ. ಆಮೇಲೆ ಕಲ್ಲಿನ ಚೂಪಾದ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಕಲ್ಲನ್ನು ಚೆನ್ನಾಗಿ ತೊಳೆಯಿರಿ.

ಕತ್ತಿಯ ಬೆನ್ನಿಗೆ ಇನ್ಸುಲೇಷನ್ ಟೇಪಿನ ಒಂದು ಪದರ ಹಚ್ಚಿ. ಸುಕ್ಕಿರಬಾರದು, ಎರಡೂ ಬದಿಗೆ ಒಂದೇ ಸಮ ಇಳಿದಿರಬೇಕು. ಇದರಿಂದ ಬೆನ್ನು ಸವೆಯುವುದಿಲ್ಲ. ಓರೆಗಳ ನಡುವಿನ ಕೋನ ಸಾಮಾನ್ಯವಾಗಿ 16ರಿಂದ 18 ಡಿಗ್ರಿ ಇರುತ್ತದೆ, ಒಂದು ಪದರ ಟೇಪಿನಿಂದ ಅದು ಸುಮಾರು ಒಂದು ಡಿಗ್ರಿ ಹೆಚ್ಚುತ್ತದೆ. ಹಾಗಾಗಿ ಟೇಪ್ ಹಚ್ಚಿ ಶುರುಮಾಡಿದವರು ಕೊನೆಯ ಕಲ್ಲಿನವರೆಗೂ ಟೇಪಿನಲ್ಲೇ ಹೋಗಬೇಕು. ಸವೆದರೆ ಅದೇ ಟೇಪಿನ ಹೊಸ ತುಂಡು ಹಚ್ಚಿ. ನಡುದಾರಿಯಲ್ಲಿ ಕಿತ್ತರೆ ನಯ ಕಲ್ಲು ಓರೆಯ ಹಿಂಭಾಗವನ್ನು ತೀಡುತ್ತಿರುತ್ತದೆ, ಬಾಯಿಯನ್ನು ಮುಟ್ಟುವುದೇ ಇಲ್ಲ.

## 7. ಓರೆ ಕೂಡಿಸುವುದು: 1000 ನಂಬರಿನ ಕಲ್ಲು

ಎಲ್ಲರೂ ಸೋಲುವುದು ಇಲ್ಲಿ.

ಕಲ್ಲಿಗೆ ನೀರು ಹಾಕಿ ಮೇಜಿನ ಮೇಲಿಡಿ. ಬಾಲದ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಅಲಗನ್ನು ಕಲ್ಲಿನ ಮೇಲೆ ಮಲಗಿಸಿ. ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ತಾಗಿರಬೇಕು, ಕೆಲಸ ಮುಗಿಯುವವರೆಗೂ ಬೆನ್ನು ಕಲ್ಲಿನಿಂದ ಏಳಬಾರದು. ಕೋನ ಹಿಡಿಯುವ ಚಿಂತೆ ನಿಮಗಿಲ್ಲ, ಅದನ್ನು ಬೆನ್ನಿನ ದಪ್ಪವೇ ನೋಡಿಕೊಳ್ಳುತ್ತದೆ.

ಬಾಯಿ ಮುಂದಾಗಿ ಕತ್ತಿಯನ್ನು ದೂಡಿ, ಕಲ್ಲಿನಿಂದ ತೆಳುವಾದ ಪದರ ಸುಲಿಯುತ್ತಿದ್ದೀರಿ ಎನ್ನುವ ಹಾಗೆ. ಕೊನೆ ಮುಟ್ಟಿದಾಗ ಬೆನ್ನಿನ ಮೇಲೆ ಹೊರಳಿಸಿ, ಇನ್ನೊಂದು ಬದಿಯಿಂದ ಎಳೆದು ತನ್ನಿ. ಕಲ್ಲು ಅಲಗಿಗಿಂತ ಕಿರಿದಾಗಿದ್ದರೆ ಶುರುವಿನಲ್ಲಿ ಹಿಮ್ಮಡಿ ಕಲ್ಲಿನ ಮೇಲಿದ್ದು, ಕೊನೆಗೆ ತುದಿ ಬರುವಂತೆ ಓರೆಯಾಗಿ ಎಳೆಯಬೇಕು. ಎರಡೂ ಬದಿ ಸೇರಿ ಗುಣಾಕಾರ ಚಿಹ್ನೆಯಾಗುತ್ತದೆ.

ಹಿಮ್ಮಡಿಯ ಹತ್ತಿರ, ಅಲಗು ದಪ್ಪವಾಗಿ ಬಾಲಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಅದು ಕಲ್ಲಿನ ಮೇಲೆ ಹತ್ತಿದರೆ ಅಲಗಿನ ಹಿಂಭಾಗವೆಲ್ಲ ಎದ್ದುನಿಲ್ಲುತ್ತದೆ. ‘ತುದಿ ಮಾತ್ರ ಹರಿತ, ಹಿಮ್ಮಡಿ ಮೊಂಡು’ ಎನ್ನುವವರೆಲ್ಲ ಮೊದಲು ಇದನ್ನು ನೋಡಬೇಕು. ಉಬ್ಬನ್ನು ಕಲ್ಲಿನ ಅಂಚಿನಿಂದ ಹೊರಗಿಡಿ.

ಒತ್ತಡ ಎಷ್ಟು? ಕತ್ತಿಯ ತೂಕದ ಮೇಲೆ ಒಂದು ಬೆರಳಿನ ತೂಕ. ಹೆಚ್ಚು ಒತ್ತಿದರೆ ಬೇಗ ಆಗುತ್ತದೆ ಎನಿಸುವುದು ಸಹಜ. ಆದರೆ ತೆಳು ಅಲಗು ಒತ್ತಡಕ್ಕೆ ಬಾಗಿ ಬಾಯಿ ಕಲ್ಲಿನಿಂದ ಮೇಲೇಳುತ್ತದೆ. ಬೇಗ ಸವೆಯುವುದು ಬೆನ್ನಿನ ಟೇಪ್.

ಇನ್ನು ಮಾರ್ಕರ್ ಪೆನ್ನಿನ ಕೆಲಸ. ಎರಡೂ ಓರೆಗಳಿಗೆ ಶಾಯಿ ಬಳಿಯಿರಿ, ನಾಲ್ಕೈದು ಸಲ ಎಳೆಯಿರಿ, ಭೂತಗನ್ನಡಿಯಲ್ಲಿ ನೋಡಿ. ಕಲ್ಲು ತಾಗಿದಲ್ಲಿ ಶಾಯಿ ಹೋಗಿರುತ್ತದೆ. ಓರೆಯ ಹಿಂಭಾಗದಲ್ಲಿ ಹೋಗಿ ಬಾಯಿಯ ತುತ್ತತುದಿಯಲ್ಲಿ ಕಪ್ಪು ಗೆರೆ ಉಳಿದಿದ್ದರೆ ನೀವಿನ್ನೂ ಬಾಯಿಯನ್ನು ಮುಟ್ಟಿಯೇ ಇಲ್ಲ. ಹಳೆಯ ಕತ್ತಿಗಳಲ್ಲಿ ಮೊದಲ ಅರ್ಧ ಗಂಟೆ ಹೀಗೆಯೇ ಇರುವುದು ಸಾಮಾನ್ಯ. ಯಾರೋ ಪಾಲಿಶ್ ಮಾಡಿ, ಯಾರೋ ಮಕ್ಕಳು ಪೆನ್ಸಿಲ್ ಹೆರೆದು ಬಾಯಿ ದುಂಡಗಾಗಿರುತ್ತದೆ. ಆ ದುಂಡು ಪೂರ್ತಿ ಸವೆದು, ಎರಡೂ ಓರೆ ಒಂದು ಗೆರೆಗೆ ಬರಬೇಕು.

ಒಂದು ಬದಿಗೆ ಇಪ್ಪತ್ತು, ಇನ್ನೊಂದು ಬದಿಗೆ ಇಪ್ಪತ್ತು ಎಂದು ಸಣ್ಣ ಸುತ್ತುಗಳಲ್ಲೂ ತಿರುಗಿಸಬಹುದು. ಆದರೆ ಲೆಕ್ಕ ಸಮ ಇರಲಿ. ಒಂದೇ ಬದಿಯನ್ನು ಮಸೆಯುತ್ತ ಕೂತರೆ ಬಾಯಿ ಎದುರು ಬದಿಗೆ ಮಡಚಿ ತೆಳು ಎಳೆಯಾಗುತ್ತದೆ. ಅದು ಬೆರಳಿಗೆ ಹರಿತದಂತೆಯೇ ತೋರಿ ಮೋಸ ಮಾಡುತ್ತದೆ.

ಎಷ್ಟು ಸಲ ಎಳೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಸಂಖ್ಯೆ ಹೇಳುವುದಿಲ್ಲ, ಹೇಳಿದರೆ ಅಷ್ಟಕ್ಕೆ ನಿಲ್ಲಿಸುತ್ತೀರಿ. ಒಂದು ಕತ್ತಿ ಇಪ್ಪತ್ತು ನಿಮಿಷಕ್ಕೆ ಒಲಿಯಿತು, ಇನ್ನೊಂದು ಎರಡು ಸಂಜೆ ತೆಗೆದುಕೊಂಡಿತು. ನಿಲ್ಲಿಸಬೇಕಾದದ್ದು ಕೆಳಗಿನ ಪರೀಕ್ಷೆಗಳು ಹೇಳಿದಾಗ.

ಬಾಯಿ ಮೇಲಾಗಿ ಹಿಡಿದು ದೀಪದ ಕೆಳಗೆ ನೋಡಿ. ಕೂಡಿದ ಬಾಯಿ ಕಾಣುವುದಿಲ್ಲ. ಎಲ್ಲಾದರೂ ಬಿಳಿ ಚುಕ್ಕಿಯೋ ಗೆರೆಯೋ ಮಿಂಚಿದರೆ ಅಲ್ಲಿ ಬೆಳಕು ಬಿದ್ದು ತಿರುಗುವಷ್ಟು ಚಪ್ಪಟೆ ಜಾಗವಿದೆ, ಅಂದರೆ ಮೊಂಡು. ಆಮೇಲೆ ಒಂದು ಹಣ್ಣಾದ ಟೊಮ್ಯಾಟೊ ತಂದು ಅಲಗನ್ನು ಅದರ ಸಿಪ್ಪೆಯ ಮೇಲಿಟ್ಟು ಒತ್ತದೆ ಎಳೆಯಿರಿ. ತನ್ನ ತೂಕಕ್ಕೇ ಇಳಿಯಬೇಕು. ಕೊನೆಗೆ ಮುಂಗೈ ರೋಮ. ಚರ್ಮದ ಮಟ್ಟದಲ್ಲಿ ಹಿಮ್ಮಡಿ, ನಡು, ತುದಿ ಮೂರೂ ಕಡೆ ಒಂದೇ ಸಲೀಸಿನಲ್ಲಿ ಬೋಳಿಸಬೇಕು. ಹೌದು, 1000 ನಂಬರಿನ ಕಲ್ಲಿನಿಂದಲೇ. ಮೂರರಲ್ಲಿ ಒಂದು ಕಡೆ ತಡವರಿಸಿದರೂ ಮತ್ತೆ ಕಲ್ಲಿಗೆ.

‘ಮುಂದಿನ ಕಲ್ಲು ಸರಿಮಾಡುತ್ತದೆ’ ಎಂಬ ಆಸೆ ಇಲ್ಲಿ ಬಂದೇ ಬರುತ್ತದೆ. ಮುಂದಿನ ಕಲ್ಲುಗಳು ಇರುವ ಬಾಯಿಯನ್ನು ನಯಗೊಳಿಸುತ್ತವೆ, ಇಲ್ಲದ ಬಾಯಿಯನ್ನು ತರುವುದಿಲ್ಲ.

## 8. ನಯ ಕಲ್ಲುಗಳು

ಏಳನೆಯ ಹಂತ ಸರಿಯಾಗಿದ್ದರೆ ಇದು ಸುಲಭ. ಕತ್ತಿ, ಕೈ, ಮೇಜು ಎಲ್ಲವನ್ನೂ ತೊಳೆದು 4000ಕ್ಕೆ ಹೋಗಿ. ಒರಟು ಕಲ್ಲಿನ ಒಂದೇ ಒಂದು ಕಣ ನಯ ಕಲ್ಲಿಗೆ ಬಂದರೂ ಗೀರೆಳೆಯುತ್ತದೆ. ಎಳೆತ ಅದೇ, ಒತ್ತಡ ಮಾತ್ರ ಕತ್ತಿಯ ತೂಕಕ್ಕಿಂತ ಒಂದಿಷ್ಟೂ ಹೆಚ್ಚಲ್ಲ. ನಲವತ್ತು ಐವತ್ತು ಎಳೆತದ ನಂತರ ಭೂತಗನ್ನಡಿಯಲ್ಲಿ 1000ದ ಗೀರುಗಳು ಅಳಿದು ಓರೆ ಮಬ್ಬಾಗಿ ಹೊಳೆಯಬೇಕು. ಆಮೇಲೆ 8000, ಕೊನೆಗೆ 12000.

ಕೊನೆಯ ಕಲ್ಲುಗಳಲ್ಲಿ ಒಂದು ಒಳ್ಳೆಯ ಗುರುತು ಸಿಗುತ್ತದೆ. ಮೊದಮೊದಲು ಕತ್ತಿ ನೀರನ್ನು ತನ್ನ ಮುಂದೆ ಅಲೆಯಂತೆ ದೂಡುತ್ತದೆ. ಬಾಯಿ ಪೂರ್ತಿ ಕಲ್ಲಿಗೆ ಕೂತ ಮೇಲೆ ನೀರು ಬಾಯಿಯನ್ನು ದಾಟಿ ಅಲಗಿನ ಮೇಲೆ ಹತ್ತುತ್ತದೆ. ಉದ್ದಕ್ಕೂ ಹತ್ತುತ್ತಿದ್ದರೆ ಎಲ್ಲೆಡೆ ತಾಗುತ್ತಿದೆ ಎಂದರ್ಥ. ಆಗ ಇನ್ನೂ ಹತ್ತು ಎಳೆದು ನಿಲ್ಲಿಸಿ. ಅತಿಯಾಗಿ ಮಸೆದರೆ ಬಾಯಿ ತಗಡಿನೆಳೆಯಂತಾಗಿ ಸಣ್ಣಸಣ್ಣಗೆ ಉದುರತೊಡಗುತ್ತದೆ.

## 9. ಚರ್ಮದ ಪಟ್ಟಿ

ಟೇಪ್ ಕಿತ್ತು, ಅಂಟನ್ನು ಒರೆಸಿ, ಅಲಗು ಒಣಗಿಸಿ. ಪಟ್ಟಿಯನ್ನು ಕೊಕ್ಕೆಗೆ ಹಾಕಿ ಬಿಗಿಯಾಗಿ ಎಳೆದು ಹಿಡಿಯಿರಿ. ಇಲ್ಲಿ ದಿಕ್ಕು ತಿರುಗುಮುರುಗು: ಬೆನ್ನು ಮುಂದೆ, ಬಾಯಿ ಹಿಂದೆ. ಕಲ್ಲಿನ ಅಭ್ಯಾಸದಲ್ಲಿ ಬಾಯಿ ಮುಂದಾಗಿ ದೂಡಿದರೆ ಪಟ್ಟಿ ಸೀಳುತ್ತದೆ. ಕೊನೆ ಮುಟ್ಟಿದಾಗ ಕೈ ನಿಂತ ಮೇಲೆಯೇ ಬೆನ್ನಿನ ಮೇಲೆ ಹೊರಳಿಸಿ. ಚಲನೆಯಲ್ಲೇ ಹೊರಳಿಸಲು ಹೋಗಿ ಬಾಯಿ ಚರ್ಮಕ್ಕೆ ಕಚ್ಚಿಸುವುದು ಹೊಸಬರ ಮಾಮೂಲಿ ತಪ್ಪು. ಹಳೆಯ ಕ್ಷೌರಿಕರ ವೇಗವನ್ನು ಅನುಕರಿಸಬೇಡಿ, ಅದು ಅವರ ನಲವತ್ತು ವರ್ಷದ ಮಣಿಕಟ್ಟು.

ಕ್ಯಾನ್ವಾಸ್ ಬದಿಯಲ್ಲಿ ಮೂವತ್ತು ಸಲ, ಚರ್ಮದ ಮೇಲೆ ಐವತ್ತು ಸಲ ಹೋಗಿ ಬರಲಿ. ಪಟ್ಟಿ ಸಡಿಲಾಗಿ ಜೋತರೆ ಅದು ಬಾಯಿಯ ಸುತ್ತ ಬಾಗಿ ದುಂಡಗೆ ಮಾಡುತ್ತದೆ. ಬಾಯಿಯನ್ನು ಇನ್ನಷ್ಟು ನಯಗೊಳಿಸುವ ಹಸಿರು ಕ್ರೋಮಿಯಂ ಆಕ್ಸೈಡ್ ಲೇಪ ಬೇಕೆಂದರೆ ಬೇರೆ ಪಟ್ಟಿಗೆ ಹಚ್ಚಿ ಐದಾರು ಸಲ, ಅಷ್ಟೇ. ಓರೆ ಕೂಡದ ಕತ್ತಿಗೆ ಅದನ್ನು ನೂರು ಸಲ ಉಜ್ಜಿದರೂ ಪ್ರಯೋಜನವಿಲ್ಲ.

ತೂಗುವ ಕೂದಲನ್ನು ಬಾಯಿಗೆ ತಾಗಿಸಿ ತುಂಡಾಗುತ್ತದೆಯೇ ನೋಡುವ ಪರೀಕ್ಷೆಯನ್ನು ನಾನು ಹೆಚ್ಚು ನಂಬುವುದಿಲ್ಲ. ಒಬ್ಬರ ಕೂದಲು ಒಂದು ಥರ. ತೀರ್ಪು ಕೊಡುವುದು ಕೆನ್ನೆ.

## 10. ಮೊದಲ ಕ್ಷೌರ, ಆಮೇಲಿನ ಜೋಪಾನ

ಅಲಗಿಗೆ ಮತ್ತೊಮ್ಮೆ ಆಲ್ಕೋಹಾಲ್ ಸವರಿ. ಬಿಸಿನೀರಿನಿಂದ ಮುಖ ತೊಳೆದು ಚೆನ್ನಾಗಿ ನೊರೆ ಹಚ್ಚಿ. ಮೊದಲ ದಿನ ಕೆನ್ನೆ ಮಾತ್ರ, ಗದ್ದಕ್ಕೂ ಗಂಟಲಿಗೂ ಹೋಗಬೇಡಿ. ಇನ್ನೊಂದು ಕೈಯಿಂದ ಚರ್ಮ ಬಿಗಿಯಾಗಿ ಎಳೆದು, ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಇರುವಂತೆ ಹಿಡಿದು, ಕೂದಲು ಬೆಳೆದ ದಿಕ್ಕಿಗೆ ಇಳಿಸಿ. ಬಾಯಿಯನ್ನು ಉದ್ದಕ್ಕೆ ಜಾರಿಸಬಾರದು, ಗಾಯವಾಗುವುದು ಹಾಗೆಯೇ.

ಉದ್ದಕ್ಕೂ ಕೀಳುತ್ತಿದ್ದರೆ ಏಳನೆಯ ಹಂತಕ್ಕೆ ವಾಪಸ್, ಬೇಸರವಾದರೂ. ಒಂದು ಭಾಗ ಮಾತ್ರ ಕೀಳುತ್ತಿದ್ದರೆ ಶಾಯಿ ಹಚ್ಚಿ ಅಲ್ಲಿ ಕಲ್ಲು ತಾಗುತ್ತಿದೆಯೇ ನೋಡಿ. ಕೂದಲು ಸಲೀಸಾಗಿ ಹೋಗಿ ಚರ್ಮ ಉರಿದರೆ ಕೊನೆಯ ಕಲ್ಲು ಮತ್ತು ಪಟ್ಟಿ ಸಾಲದು, ಅಥವಾ ಕೋನ ಹೆಚ್ಚಾಯಿತು.

ಕತ್ತಿ ಒಬ್ಬರಿಗೇ ಇರಲಿ. ಕಣ್ಣಿಗೆ ಕಾಣದ ಗಾಯದಿಂದಲೂ ಹೆಪಟೈಟಿಸ್ ಬಿ, ಸಿಯಂಥ ರೋಗಗಳು ದಾಟಬಲ್ಲವು. ಅಣ್ಣತಮ್ಮಂದಿರೆಂದು ವಿನಾಯಿತಿ ಇಲ್ಲ.

ಕ್ಷೌರವಾದ ಮೇಲೆ ತೊಳೆದು, ಬೆನ್ನಿನ ಕಡೆಯಿಂದ ಒರೆಸಿ, ಪಟ್ಟಿಯ ಬಟ್ಟೆಯ ಬದಿಗೆ ಹತ್ತು ಸಲ ಎಳೆದರೆ ಬಾಯಿಯ ತೇವ ಹೋಗುತ್ತದೆ. ಅರ್ಧ ಗಂಟೆ ತೆರೆದಿಟ್ಟು ಆಮೇಲೆ ಮುಚ್ಚಿ. ಬಚ್ಚಲುಮನೆಯಲ್ಲಿ ಇಡಬೇಡಿ, ತೇವ ಹೀರುವ ಚರ್ಮದ ಚೀಲದಲ್ಲೂ ಇಡಬೇಡಿ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸಲವೂ ಹೊಲಿಗೆ ಯಂತ್ರದ ಎಣ್ಣೆ ಸವರಲೇಬೇಕು. ಅಲ್ಲಿ ಒಂದೇ ರಾತ್ರಿ ಸಾಕು ಕೆಂಪು ಚುಕ್ಕಿ ಏಳಲು. ತೆಂಗಿನೆಣ್ಣೆ ಕೈಗೆ ಸಿಗುತ್ತದೆಂದು ಬಳಸಿದರೆ ಕ್ರಮೇಣ ಅಂಟಾಗಿ ರಿವೆಟ್ಟಿನ ಸಂದಿಯಲ್ಲಿ ಕೂರುತ್ತದೆ.

ಪ್ರತಿ ಕ್ಷೌರಕ್ಕೂ ಮುನ್ನ ಪಟ್ಟಿ. ಕೆಲವು ತಿಂಗಳ ನಂತರ ಪಟ್ಟಿಯಿಂದಲೂ ಹರಿತ ಮರಳದಿದ್ದರೆ ಮತ್ತೆ ಟೇಪ್ ಹಚ್ಚಿ 12000ದ ಮೇಲೆ ಹದಿನೈದು ಎಳೆತ ಸಾಕು. ಬಾಯಿಗೆ ಹಲ್ಲು ಬಿದ್ದಿದ್ದರೆ ಹೊರತು 1000ದ ಕಲ್ಲನ್ನು ಮುಟ್ಟಬೇಡಿ.